ಎರಡೇ ಬಿಯರ್, ಮೂರು ಗ್ಲಾಸ್, ಒಂದು ಕೆಂಪು ಬಲ್ಬ್

"ಅತ್ತಿಗೆ, ಒಂದು ಸಂಜೆಗೆ ಎರಡೇ ಬಿಯರಾ? ಹೀಗಾದ್ರೆ ನೀವು ರುಚಿ ಕಲಿಯೋ ಹೊತ್ತಿಗೆ ನಾವೆಲ್ಲ ಬಿಪಿ ಮಾತ್ರೆ ನುಂಗ್ತಿರ್ತೀವಿ" ಅಂದಿದ್ದ ಮೈದುನ, ನಾನೂ ಗಂಡನೂ ಶನಿವಾರಕ್ಕೆ ಎರಡೇ ಬಿಯರ್ ಇಟ್ಟುಕೊಂಡು, ಹೆಸರು ನೋಡದೆ ರುಚಿಯಲ್ಲೇ ಗುರುತಿಸೋದು ಕಲೀತಿದ್ದೇವೆ ಅಂದಾಗ. ತನ್ನ ಬ್ರ್ಯಾಂಡು ಕಣ್ಣು ಕಟ್ಟಿದರೂ ಗೊತ್ತಾಗುತ್ತೆ ಅನ್ನೋ ಜಾತಿಯವನು. ಕಳೆದ ತಿಂಗಳು ಅವನನ್ನೇ ಕೂರಿಸಿ ನೋಡಿದೆವು. 6 ಸಲದಲ್ಲಿ 1 ಸಲ ಸರಿ ಹೇಳಿದ. ಇದನ್ನು ಬರೆಯೋಕೆ ಧೈರ್ಯ ಬಂದಿದ್ದು ಆಮೇಲೆ.

ನಾವಿಬ್ಬರೂ ಶುರು ಮಾಡಿದ್ದು ಎಲ್ಲರ ಹಾಗೇ. ಇಂದಿರಾನಗರ, ಕೋರಮಂಗಲದ ಮೈಕ್ರೊಬ್ರುವರಿಗಳಲ್ಲಿ (ಬಿಯರನ್ನು ಅಲ್ಲೇ ತಯಾರಿಸಿ ಕೊಡೋ ಬಾರುಗಳು) ಆರು ಚಿಕ್ಕ ಗ್ಲಾಸಿನ ಟೇಸ್ಟರ್ ಟ್ರೇ ತರಿಸೋದು, ತಿಳಿ ಬಣ್ಣದಿಂದ ಕಪ್ಪಿನವರೆಗೆ ಗುಟುಕು ಗುಟುಕಾಗಿ ಹೋಗೋದು. ಗಂಡನ ನೋಟ್ ಪುಸ್ತಕದಲ್ಲಿ ನಾಲ್ಕನೇ ಗ್ಲಾಸಿನಿಂದಾಚೆ ಬರೀ "ಸೂಪರ್" ಅಂತಿದೆ, ಅದೂ ಸೊಟ್ಟಗೆ. ಊಟ ಸೇರಿ ಒಂದೊಂದು ಸಂಜೆಗೆ ಸುಮಾರು 3,000 ಹೋಗಿದೆ, ಕಲಿತದ್ದು ಸೊನ್ನೆ. ಕಪ್ಪು ಸ್ಟೌಟ್‌ಗೂ ತಿಳಿ ಬಣ್ಣದ ಲಾಗರ್‌ಗೂ ಇರೋದು ಎಮ್ಮೆಗೂ ಆಡಿಗೂ ಇರೋ ವ್ಯತ್ಯಾಸ. ಅದನ್ನು ಗುರುತಿಸೋಕೆ ನಾಲಿಗೆ ಯಾಕೆ ಬೇಕು? ಎರಡು ಎಮ್ಮೆ ಪಕ್ಕದಲ್ಲಿ ನಿಂತಾಗ ನಮ್ಮದು ಯಾವುದು ಅಂತ ಹೇಳೋದು ವಿದ್ಯೆ.

ಹಾಗಾಗಿ ಮನೆಗೆ ಬಂದೆವು. ಶನಿವಾರಕ್ಕೊಂದು ಜೋಡಿ, ಅದೂ ಅಕ್ಕಪಕ್ಕದ ಶೈಲಿಗಳು ಮಾತ್ರ. ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತೆ, ಆದ್ದರಿಂದ 12 ಸಲ ಮಾಡಿ 8 ಸರಿ ಬರೋವರೆಗೆ ಜಂಬ ಪಡಬಾರದು ಅಂತ ನಿಯಮ ಇಟ್ಟುಕೊಂಡೆವು.

ಮೊದಲ ತಿಂಗಳು ಪೂರ್ತಿ ದಂಡ. ಬಣ್ಣ ಕಾಣಬಾರದು ಅಂತ ಸ್ಟೀಲ್ ಲೋಟದಲ್ಲಿ ಹಾಕಿದೆವು. ಪಾತ್ರೆ ತೊಳೆಯೋ ಲಿಕ್ವಿಡ್ಡಿನ ಜಿಡ್ಡು ಉಳಿದು ನೊರೆ ಅರ್ಧ ನಿಮಿಷ ನಿಲ್ಲಲಿಲ್ಲ, ಮೂಗಿಗೆ ನಿಂಬೆಹಣ್ಣಿನ ಸೋಪು. ನಾನು ಅದನ್ನೇ "ಸಿಟ್ರಸ್ ಹಾಪ್ಸ್" ಅಂತ ಬರೆದಿದ್ದೇನೆ (ಹಾಪ್ಸ್ ಅಂದರೆ ಬಿಯರಿಗೆ ಕಹಿ, ಪರಿಮಳ ಕೊಡೋ ಹೂವು), ನಗಬೇಡಿ. ಇನ್ನೊಂದು ಶನಿವಾರ ಬಿಸಿಬೇಳೆ ಭಾತ್ ತಿಂದು ಐಪಿಎಗೆ, ಅಂದರೆ ಹಾಪ್ಸ್ ಜಾಸ್ತಿಯಿರೋ ಕಹಿ ಬಿಯರಿಗೆ ಕೂತೆವು. ಕಹಿ ಸೇರಿ ಖಾರ ಇಮ್ಮಡಿಯಾಯಿತು, ಆ 800 ರೂಪಾಯಿ ಬಾಯಿ ತೊಳೆದ ಲೆಕ್ಕಕ್ಕೆ ಹೋಯಿತು. ಆಮದು ಬಾಟಲೊಂದನ್ನು 450 ಕೊಟ್ಟು ತಂದರೆ ಮುಚ್ಚಳ ತೆಗೆದಾಗ ಸುಟ್ಟ ರಬ್ಬರಿನಂಥ ನಾತ. ಹಸಿರು ಬಾಟಲು, ಅಂಗಡಿಯವನು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಶೋಕೇಸಿನಲ್ಲಿ ಎಷ್ಟು ತಿಂಗಳು ನಿಲ್ಲಿಸಿದ್ದನೋ. ಬೆಳಕು ಬಿದ್ದರೆ ಹಾಪ್ಸಿನ ಕಹಿ ಅಂಶ ಒಡೆದು ಆ ವಾಸನೆ ಬರುತ್ತೆ. ನಂಬದ ಗಂಡ ಮಾರನೆಯ ದಿನ ಹಸಿರು ಬಾಟಲಿನ ಇನ್ನೊಂದು ಲಾಗರ್ ತಂದು, ಅರ್ಧ ಗ್ಲಾಸ್ ಬಾಲ್ಕನಿಯ ಬಿಸಿಲಲ್ಲಿ, ಅರ್ಧ ಬೀರುವಿನ ಒಳಗೆ ಇಟ್ಟ. ಕಾಲು ಗಂಟೆ ಸಾಕಾಯಿತು. ಅವತ್ತಿನಿಂದ ನಮ್ಮ ಮನೆಗೆ ಕಂದು ಬಾಟಲು ಅಥವಾ ಟಿನ್ ಮಾತ್ರ.

ಬಣ್ಣದ ಸಮಸ್ಯೆ ಬಗೆಹರಿಸಿದ್ದು ಕೆಂಪು ಝೀರೋ ಕ್ಯಾಂಡಲ್ ಬಲ್ಬು. (ದೇವರ ಮನೆಯದಲ್ಲ, ಹೊಸದು. ಅತ್ತೆಗೆ ಇಷ್ಟು ಹೇಳಿದ್ದೇವೆ, ಯಾಕೆ ತಂದೆವು ಅಂತ ಹೇಳಿಲ್ಲ.) ಆ ಬೆಳಕಲ್ಲಿ ತಿಳಿ ಬಣ್ಣದ ಗೋಧಿ ಬಿಯರ್ ಯಾವುದು, ಕೆಂಪುಕಂದು ಬಣ್ಣದ ಆಂಬರ್ ಯಾವುದು ಕಾಣಲ್ಲ. ಗ್ಲಾಸು ಟೀ ಅಂಗಡಿಯ ಚಿಕ್ಕ ಗಾಜಿನದು, ಡಜನ್‌ಗೆ 200ರ ಆಸುಪಾಸು. ಅಡುಗೆ ಸೋಡಾದಲ್ಲಿ ತೊಳೆದು ಬೋರಲು ಹಾಕೋದು, ಬಟ್ಟೆಯಲ್ಲಿ ಒರೆಸೋದಿಲ್ಲ. ಒಂದೊಂದಕ್ಕೆ 50 ಎಂಎಲ್ ಅಷ್ಟೇ.

ಮನೆಯಲ್ಲಿರೋದು ಇಬ್ಬರೇ, ಸುರಿದವರಿಗೆ ಉತ್ತರ ಗೊತ್ತಿರುತ್ತಲ್ಲ ಅಂತ ಎಲ್ಲರೂ ಕೇಳ್ತಾರೆ. ಗಂಡ ಅಡುಗೆಮನೆಯಲ್ಲಿ ಸುರಿದು ಗ್ಲಾಸಿನ ತಳಕ್ಕೆ ಚೀಟಿ ಅಂಟಿಸಿ ಹೊರಗೆ ಬರ್ತಾನೆ. ನಾನು ಒಳಗೆ ಹೋಗಿ ತಳ ನೋಡದೆ ಜಾಗ ಅದಲು ಬದಲು ಮಾಡಿ ತಟ್ಟೆ ತರ್ತೇನೆ. ಅವನಿಗೆ ಜಾಗ ಗೊತ್ತಿಲ್ಲ, ನನಗೆ ಚೀಟಿ ಗೊತ್ತಿಲ್ಲ. ಮಧ್ಯೆ ಬಾಯಿಗೆ ಬರೀ ಪುರಿ, ಉಪ್ಪು ಕಾರ ಏನೂ ಹಾಕದ್ದು. ಮೂಗು ದಣಿದಾಗ ನಾನು ಏನು ಮೂಸ್ತೇನೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಅದನ್ನು ಗಂಡನಿಗೂ ಎರಡು ತಿಂಗಳು ಹೇಳಿರಲಿಲ್ಲ.

ನಮಗೆ ಕಣ್ಣು ತೆರೆಸಿದ ಜೋಡಿ ಜರ್ಮನ್ ಹೆಫೆವೈಝನ್ ಮತ್ತು ಬೆಲ್ಜಿಯನ್ ವಿಟ್. ಎರಡೂ ಗೋಧಿ, ಎರಡೂ ಮಬ್ಬು, ಬಾರ್‌ನಲ್ಲಿ ಕೇಳಿದರೆ "ಎರಡೂ ವೀಟ್ ಬಿಯರ್ರೇ ಮೇಡಂ". ಮೊದಲ 12ರಲ್ಲಿ ನನಗೆ 6, ಇವನಿಗೆ 5. ತಪ್ಪು ಫ್ರಿಜ್ಜಿನದು. ಹಲ್ಲು ಜುಂ ಅನ್ನೋ ತಣ್ಣಗಿನ ಬಿಯರಿನಲ್ಲಿ ಎಲ್ಲವೂ ಸೋಡಾ. 20 ನಿಮಿಷ ಮೊದಲೇ ಹೊರಗಿಟ್ಟು, 8–10 ಡಿಗ್ರಿಗೆ ಬಂದಾಗ ಕುಡಿದೆವು ನೋಡಿ: ಒಂದರಲ್ಲಿ ಕಳಿತ ಬಾಳೆಹಣ್ಣು, ಹಿಂದೆ ಲವಂಗ. ಇನ್ನೊಂದರಲ್ಲಿ ಈಗ ತಾನೆ ಕುಟ್ಟಿದ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ. ವಿಟ್‌ಗೆ ಅವೆರಡನ್ನೂ ನಿಜವಾಗಿಯೇ ಹಾಕ್ತಾರೆ. ಹೆಫೆಗೆ ಬಾಳೆಹಣ್ಣೂ ಹಾಕಲ್ಲ, ಲವಂಗವೂ ಹಾಕಲ್ಲ, ಎಲ್ಲಾ ಯೀಸ್ಟಿನ ಕೈಚಳಕ. 30 ವರ್ಷ ಸಾರಿನ ಪುಡಿ ಹುರಿದ ಮನೆಯ ಮಗಳು ನಾನು, ಕೊತ್ತಂಬರಿ ಬೀಜ ತಪ್ಪುತ್ತೇನೆಯೇ? ಮುಂದಿನ 12ರಲ್ಲಿ 10. ಅವನಿಗೆ 8, ಅದರಲ್ಲಿ ಒಂದು ಅದೃಷ್ಟ ಅಂತ ನನ್ನ ಅಭಿಪ್ರಾಯ. ಬಾಟಲಿನ ತಳದ ಯೀಸ್ಟನ್ನು ಅಲುಗಿಸಿ ಎರಡೂ ಗ್ಲಾಸಿಗೆ ಸಮ ಹಾಕದಿದ್ದರೆ ಒಂದೇ ಹೆಫೆ ಎರಡು ಬಿಯರ್ ಆಗುತ್ತೆ, ಆ ತಪ್ಪಿಗೂ ಎರಡು ಬಾಟಲು ತೆತ್ತಿದ್ದೇವೆ.

ಆಮೇಲೆ ಇವನು ಸುಮ್ಮನಿರದೆ ಸಾದಾ ಲಾಗರಿಗೆ ಜಜ್ಜಿದ ಕೊತ್ತಂಬರಿ ಬೀಜ, ಸ್ವಲ್ಪ ಕಿತ್ತಳೆ ಸಿಪ್ಪೆ ಹಾಕಿ ಅರ್ಧ ಗಂಟೆ ಬಿಟ್ಟು "ವಿಟ್" ಅಂತ ನನಗೆ ಕೊಟ್ಟ. ಮೊದಲ ಗುಟುಕಿಗೆ ಸಿಕ್ಕಿಬಿದ್ದ. ಪರಿಮಳವೇನೋ ಹತ್ತಿರ ಬಂದಿತ್ತು, ಬಾಯಲ್ಲಿ ಗೋಧಿಯ ದಪ್ಪ ಇರಲಿಲ್ಲ. ಆದರೂ ಕೋಡುಬಳೆ ಜೊತೆ ಅದೇನೂ ಕೆಟ್ಟದಾಗಿರಲಿಲ್ಲ.

ಕಷ್ಟದ್ದು ಸಾದಾ ಲಾಗರ್–ಪಿಲ್ಸ್ನರ್. ಪಿಲ್ಸ್ನರೂ ಲಾಗರಿನದೇ ಒಂದು ಬಗೆ, ಕಹಿ ಜಾಸ್ತಿ. ಬಡ್‌ವೈಸರಿಗೆ ಅಕ್ಕಿ ಹಾಕ್ತಾರೆ, ಅದರ ಎದುರು ಪೂರ್ತಿ ಬಾರ್ಲಿಯ ಜೆಕ್ ಮಾದರಿ ಪಿಲ್ಸ್ನರ್ ಇಟ್ಟರೆ ನುಂಗಿದ ಮೇಲೆ ಗೊತ್ತಾಗುತ್ತೆ: ಒಂದು ಗಂಜಿ ತಿಳಿಯ ಹಾಗೆ ಜಾರಿ ಮಾಯ, ಇನ್ನೊಂದರ ಕಹಿ ಮೆಂತ್ಯದ ಹಾಗೆ ಕೂತಿರುತ್ತೆ. ಇಲ್ಲಿ ಇವನಿಗೆ 9, ನನಗೆ 7. ಬೇಕಂತಲೇ ಅಂಕಿ ಬರೆದಿದ್ದೇನೆ, ಇಲ್ಲದಿದ್ದರೆ ಅವನೇ ಬಂದು ಹೇಳ್ತಾನೆ.

ಐದು ತಿಂಗಳಲ್ಲಿ ಒಟ್ಟು 14,000 ಚಿಲ್ಲರೆ ಆಗಿರಬಹುದು. ಅದರಲ್ಲಿ 4,000 ಶುದ್ಧ ನಷ್ಟ. ಪೋರ್ಟರ್–ಸ್ಟೌಟ್ ಜೋಡಿ (ಎರಡೂ ಕಪ್ಪು ಬಿಯರ್) ಇನ್ನೂ ಸೋಲಿಸುತ್ತಿದೆ, ಎರಡರಲ್ಲೂ ಇಬ್ಬರಿಗೂ ಫಿಲ್ಟರ್ ಕಾಫಿಯೇ ಕಾಣುತ್ತೆ, ಮೂರು ಶನಿವಾರ ಆಯಿತು. ಮೈದುನ ಈಗ ಪ್ರತಿ ಶುಕ್ರವಾರ ರಾತ್ರಿ ಫೋನ್ ಮಾಡಿ ನಾಳೆ ಯಾವ ಜೋಡಿ ಅಂತ ಕೇಳ್ತಾನೆ. ಬರೋದಾದರೆ ಬಾ, ಬಾಟಲು ನಿಂದು ಅಂದಿದ್ದೇನೆ.