ಡೀಬಗರ್‌ಗೆ ಒಂದು ಔಟ್‌ಪುಟ್ ಸ್ಟ್ರೀಮ್ ಕ್ಲಾಸ್: ನಾನು ವಿನ್ಯಾಸ ಮಾಡಿದ ಬಗೆ

ಆರ್ಮ್ ಕಾರ್ಟೆಕ್ಸ್-ಎಂ ಮೈಕ್ರೋಕಂಟ್ರೋಲರ್ ಇರುವ ಬೋರ್ಡುಗಳಿಗಾಗಿ ನಾನು ಸಿ++ನಲ್ಲಿ ಒಂದು ಚಿಕ್ಕ ಡೀಬಗರ್ (ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ಒಳಗೆ ನೋಡಿ ತಪ್ಪು ಹುಡುಕುವ ಸಾಧನ) ಬರೆದಿದ್ದೇನೆ. ಬ್ರೇಕ್‌ಪಾಯಿಂಟ್ ಇಡುವುದು, ಡ್ವಾರ್ಫ್ ಮಾಹಿತಿ (ಯಂತ್ರದ ಕೋಡನ್ನು ಮೂಲ ಕೋಡ್‌ನ ಸಾಲು, ಹೆಸರುಗಳಿಗೆ ಹೊಂದಿಸುವ ದಾಖಲೆ) ಓದುವುದು ಮುಂತಾದ ಭಾಗಗಳಿಗಿಂತ ಹೆಚ್ಚು ಯೋಚನೆ ಬೇಡಿದ್ದು ಅಕ್ಷರಗಳನ್ನು ಹೊರಗೆ ಕಳಿಸುವ ಭಾಗ. ಡೀಬಗರ್‌ನ ಯಾವ ಕಮಾಂಡ್ ತೆಗೆದುಕೊಂಡರೂ ಅದು ಕೊನೆಗೆ ಏನನ್ನಾದರೂ ಮುದ್ರಿಸುತ್ತದೆ, ಮತ್ತು ಅದೇ ಪಠ್ಯ ಒಮ್ಮೆ ಟರ್ಮಿನಲ್‌ಗೆ, ಒಮ್ಮೆ ಲಾಗ್ ಫೈಲಿಗೆ, ಒಮ್ಮೆ ಸ್ಕ್ರಿಪ್ಟ್ ಹಿಡಿದಿಟ್ಟುಕೊಳ್ಳುವ ಸ್ಟ್ರಿಂಗ್‌ಗೆ, ಇನ್ನೊಮ್ಮೆ ಪೈಪ್ ಮೂಲಕ ಎಡಿಟರ್‌ಗೆ ಹೋಗಬೇಕಾಗುತ್ತದೆ. ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಬರೆಯುವ ಕೋಡ್‌ಗೆ ಇವುಗಳಲ್ಲಿ ಯಾವುದರ ಪರಿಚಯವೂ ಇರಬಾರದು ಎಂಬುದೇ ಅಮೂರ್ತ ಕ್ಲಾಸ್ (ಏನು ಮಾಡಬೇಕೆಂದು ಹೇಳಿ, ಹೇಗೆಂಬುದನ್ನು ಉಪಕ್ಲಾಸ್‌ಗಳಿಗೆ ಬಿಡುವ ಕ್ಲಾಸ್) ಬೇಕೆಂದು ನಾನು ನಿರ್ಧರಿಸಲು ಕಾರಣ.

ಈ ದಾರಿಯಲ್ಲಿ ಮೊದಲೇ ನಡೆದವರು ಇದ್ದಾರೆ. ಹೆಸರಾಂತ ಡೀಬಗರ್ ಆದ ಜಿಡಿಬಿಯಲ್ಲಿ ಔಟ್‌ಪುಟ್ ಸ್ಟ್ರೀಮ್‌ನ ಕೆಲಸ ಮಾಡುವ ಯುಐ-ಫೈಲ್ ಎಂಬುದು ಬಹುಕಾಲ ಸಿ ಭಾಷೆಯ ಸ್ಟ್ರಕ್ಟ್ ಆಗಿತ್ತು. ಬರೆಯುವುದಕ್ಕೊಂದು, ಫ್ಲಶ್ ಮಾಡುವುದಕ್ಕೊಂದು (ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕೂಡಿಟ್ಟದ್ದನ್ನು ಹೊರಗೆ ತಳ್ಳುವುದಕ್ಕೆ) ಎಂದು ಫಂಕ್ಷನ್ ಪಾಯಿಂಟರ್‌ಗಳನ್ನು ಅದರಲ್ಲಿ ಕೈಯಾರೆ ತುಂಬಬೇಕಿತ್ತು. 2017ರಲ್ಲಿ, ಸಿ++11 ಕಡ್ಡಾಯವಾದ ಜಿಡಿಬಿ 8.0 ಹೊರಬಂದ ವರ್ಷ, ಅದು ನಿಜವಾದ ಕ್ಲಾಸ್ ಆಯಿತು; ಫೈಲಿಗೆ, ಸ್ಟ್ರಿಂಗ್‌ಗೆ, ಎರಡು ಕಡೆಗೆ ಒಟ್ಟಿಗೆ ಬರೆಯುವ ಟೀಗೆ, ಏನನ್ನೂ ಬರೆಯದ ನಲ್‌ಗೆ ಬೇರೆ ಬೇರೆ ಉಪಕ್ಲಾಸ್‌ಗಳು ಬಂದವು. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯ ರಾ-ಓಸ್ಟ್ರೀಮ್ ಇನ್ನೊಂದು ಮಾದರಿ. ಅಲ್ಲಿ ಉಪಕ್ಲಾಸ್ ಬರೆಯುವವನು ಕಡ್ಡಾಯವಾಗಿ ತುಂಬಬೇಕಾದದ್ದು ಎರಡೇ: ಬೈಟ್‌ಗಳನ್ನು ಹೊರಹಾಕುವ ಫಂಕ್ಷನ್ ಮತ್ತು ಈಗ ಎಷ್ಟನೆಯ ಬೈಟ್‌ನಲ್ಲಿದ್ದೇವೆ ಎಂದು ಹೇಳುವ ಫಂಕ್ಷನ್. ಸಂಖ್ಯೆ, ಸ್ಟ್ರಿಂಗ್, ಇಂಡೆಂಟ್ ಮುಂತಾದ ಬಹುಪಾಲು ಸೌಕರ್ಯಗಳೆಲ್ಲ ತಳದ ಕ್ಲಾಸ್‌ನಲ್ಲಿಯೇ ಇವೆ. ನಾನು ಮನಸೋತದ್ದು ಈ ಎರಡನೆಯ ಮಾದರಿಗೆ.

ಸಿ++ನ ಸ್ಟ್ಯಾಂಡರ್ಡ್ ಓಸ್ಟ್ರೀಮ್ ಇರುವಾಗ ಹೊಸದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಮ್ಮೆ ಹೆಕ್ಸ್ (ಹದಿನಾರರ ಆಧಾರದ ಸಂಖ್ಯೆ) ಎಂದು ಹೇಳಿದರೆ, ಮತ್ತೆ ಡೆಸಿಮಲ್ ಎನ್ನುವವರೆಗೂ ಆ ಸ್ಟ್ರೀಮ್ ಪೂರ್ಣಾಂಕಗಳನ್ನು ಹೆಕ್ಸ್‌ನಲ್ಲಿಯೇ ಬರೆಯುತ್ತಿರುತ್ತದೆ. ಸಾಲಿಗೆ ಎರಡು ವಿಳಾಸ, ಒಂದು ಸಾಲು ಸಂಖ್ಯೆ ಮುದ್ರಿಸುವ ಡೀಬಗರ್‌ನಲ್ಲಿ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಎಂಟು ಬಿಟ್‌ನ ರಿಜಿಸ್ಟರ್ ಮೌಲ್ಯ 65 ಆಗಿದ್ದರೆ ಅದನ್ನು ಅಂಕಿಯೆಂದು ನೋಡದೆ ಇಂಗ್ಲಿಷ್‌ನ ಎ ಅಕ್ಷರವೆಂದು ಮುದ್ರಿಸುತ್ತದೆ. ಲೋಕೇಲ್ (ದೇಶ, ಭಾಷೆಗೆ ತಕ್ಕ ಬರವಣಿಗೆಯ ರೂಢಿ) ಬದಲಾದರೆ ಅಂಕಿಗಳ ನಡುವೆ ಅಲ್ಪವಿರಾಮಗಳು ಬಂದು ಕೂರಬಹುದು. ಸ್ಟ್ರೀಮ್‌ಬಫ್ ಅನ್ನು ಉಪಕ್ಲಾಸ್ ಮಾಡಿ ಇವುಗಳಲ್ಲಿ ಕೆಲವನ್ನು ಪಳಗಿಸಬಹುದು ನಿಜ. ಆದರೆ ಟರ್ಮಿನಲ್ ಹೌದೇ, ಬಣ್ಣ ಹಾಕಬಹುದೇ, ಅಗಲ ಎಷ್ಟು ಎಂಬ ಪ್ರಶ್ನೆಗಳನ್ನು ಕೇಳಲು ಅಲ್ಲಿ ಜಾಗವೇ ಇಲ್ಲ.

ನನ್ನ ತಳದ ಕ್ಲಾಸ್‌ನಲ್ಲಿ ವರ್ಚುವಲ್ ಫಂಕ್ಷನ್‌ಗಳು (ಉಪಕ್ಲಾಸ್ ತನ್ನದೇ ರೀತಿಯಲ್ಲಿ ಬರೆಯಬಹುದಾದವು) ನಾಲ್ಕೇ: ಬೈಟ್‌ಗಳ ಒಂದು ತುಂಡನ್ನು ಹೊರಗೆ ಬರೆಯುವುದು, ಕೆಳಗಿನ ಪದರವನ್ನು ಫ್ಲಶ್ ಮಾಡುವುದು, ಪಠ್ಯದ ಶೈಲಿಯನ್ನು ಬದಲಿಸುವುದು, ಹೊರಗಿನ ಸಾಧನದ ಲಕ್ಷಣಗಳನ್ನು ತಿಳಿಸುವುದು. ಬಫರ್ ತಳದ ಕ್ಲಾಸ್‌ನದೇ. ಅದರ ಆರಂಭ, ಅಂತ್ಯ, ಈಗಿನ ಸ್ಥಾನ ಎಂಬ ಮೂರು ಪಾಯಿಂಟರ್‌ಗಳಿದ್ದು, ಬರೆಯಬೇಕಾದದ್ದು ಬಫರ್‌ನಲ್ಲಿ ಹಿಡಿಸುವುದಾದರೆ ನಕಲು ಮಾಡಿ ಹಿಂದಿರುಗುವ ಇನ್‌ಲೈನ್ ಫಂಕ್ಷನ್ ಒಂದಿದೆ. ಹಿಡಿಸದಿದ್ದಾಗ ಮಾತ್ರ ವರ್ಚುವಲ್ ಕರೆ ನಡೆಯುತ್ತದೆ. ಮೆಮೊರಿ ಡಂಪ್‌ನಂಥ ಕಮಾಂಡ್ ಒಂದೊಂದೇ ಅಕ್ಷರವಾಗಿ ಸಾವಿರಾರು ಸಲ ಕರೆಯುವುದರಿಂದ ಈ ವಿಂಗಡಣೆ ಸಾರ್ಥಕವಾಯಿತು. ವಿಳಾಸ ಬರೆಯಲು ಅಗಲವನ್ನು ಪ್ರತಿ ಸಲವೂ ಆರ್ಗ್ಯುಮೆಂಟ್ ಆಗಿ ಕೇಳುವ ಪ್ರತ್ಯೇಕ ಫಂಕ್ಷನ್ ಇದೆ. ಹಿಂದಿನ ಕರೆಯ ನೆನಪು ಮುಂದಿನ ಕರೆಗೆ ಅಂಟಿಕೊಳ್ಳುವ ಸ್ಥಿತಿಯನ್ನು ಎಲ್ಲಿಯೂ ಇಟ್ಟಿಲ್ಲ. ಪ್ರಿಂಟ್‌ಎಫ್ ಮಾದರಿಯ ಫಂಕ್ಷನ್ ಕೂಡ ಇದೆ, ಮತ್ತು ಫಾರ್ಮ್ಯಾಟ್ ಸ್ಟ್ರಿಂಗ್ ಆರ್ಗ್ಯುಮೆಂಟ್‌ಗಳಿಗೆ ಹೊಂದುತ್ತದೆಯೇ ಎಂದು ಕಂಪೈಲರ್ ಪರಿಶೀಲಿಸುವಂತೆ ಅದಕ್ಕೆ ಆಟ್ರಿಬ್ಯೂಟ್ ಹಚ್ಚಿದ್ದೇನೆ.

ಬಫರ್ ತಳದ ಕ್ಲಾಸ್‌ನಲ್ಲಿದ್ದರೆ ಡಿಸ್ಟ್ರಕ್ಟರ್ (ಆಬ್ಜೆಕ್ಟ್ ನಾಶವಾಗುವಾಗ ನಡೆಯುವ ಫಂಕ್ಷನ್) ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಉಳಿದ ಬೈಟ್‌ಗಳನ್ನು ತಳದ ಡಿಸ್ಟ್ರಕ್ಟರ್‌ನಲ್ಲಿ ಫ್ಲಶ್ ಮಾಡೋಣವೆಂದರೆ, ಆ ಹೊತ್ತಿಗೆ ಉಪಕ್ಲಾಸ್‌ನ ಭಾಗ ಆಗಲೇ ನಾಶವಾಗಿರುತ್ತದೆ. ಆಗ ಬರೆಯುವ ಫಂಕ್ಷನ್ ಕರೆದರೆ ಸಿಗುವುದು ತಳದ ಪ್ಯೂರ್ ವರ್ಚುವಲ್ (ಒಳಗೆ ಕೋಡ್ ಇಲ್ಲದ ಬರಿಯ ಘೋಷಣೆ), ಅಂದರೆ ಪ್ರೋಗ್ರಾಮ್ ಅಲ್ಲಿಗೇ ಕುಸಿಯುತ್ತದೆ. ಎಲ್‌ಎಲ್‌ವಿಎಂನವರು ತಳದ ಡಿಸ್ಟ್ರಕ್ಟರ್‌ನಲ್ಲಿ ಬಫರ್ ಖಾಲಿಯಾಗಿದೆಯೇ ಎಂದು ಅಸರ್ಟ್ (ಹಾಗಿಲ್ಲದಿದ್ದರೆ ಪ್ರೋಗ್ರಾಮನ್ನು ನಿಲ್ಲಿಸುವ ಪರೀಕ್ಷೆ) ಮಾತ್ರ ಮಾಡಿ, ಫ್ಲಶ್ ಮಾಡುವ ಹೊಣೆಯನ್ನು ಉಪಕ್ಲಾಸ್‌ಗೆ ಬಿಟ್ಟಿದ್ದಾರೆ. ನಾನೂ ಅದನ್ನೇ ಅನುಸರಿಸಿ, ಜೊತೆಗೆ ಪ್ರತಿ ಉಪಕ್ಲಾಸನ್ನೂ ಫೈನಲ್ ಎಂದು ಘೋಷಿಸಿದೆ. ಹೀಗೆ ಮಾಡಿದರೆ ಮೂರನೆಯ ಹಂತದ ಉಪಕ್ಲಾಸ್ ಹುಟ್ಟಿ ಅದೇ ತೊಡಕು ಒಂದು ಮೆಟ್ಟಿಲು ಕೆಳಗೆ ಮರುಕಳಿಸುವ ಸಂದರ್ಭವೇ ಬರುವುದಿಲ್ಲ.

ಯಾವಾಗ ಫ್ಲಶ್ ಮಾಡಬೇಕು ಎಂಬುದು ಸಾಮಾನ್ಯ ಪ್ರೋಗ್ರಾಮ್‌ನಲ್ಲಿ ವೇಗದ ಪ್ರಶ್ನೆ. ಡೀಬಗರ್‌ನಲ್ಲಿ ಅದು ಸರಿ ತಪ್ಪಿನ ಪ್ರಶ್ನೆ. ಒಂದೇ ಟರ್ಮಿನಲ್‌ನಲ್ಲಿ ಇಬ್ಬರು ಬರೆಯುತ್ತಿರುತ್ತಾರೆ, ಡೀಬಗರ್ ಮತ್ತು ಅದು ಹಿಡಿದುಕೊಂಡಿರುವ ಪ್ರೋಗ್ರಾಮ್. ಪ್ರೋಗ್ರಾಮನ್ನು ಮುಂದುವರಿಸುವ ಮೊದಲು ನಮ್ಮ ಬಫರ್ ಖಾಲಿಯಾಗಿರದಿದ್ದರೆ, ಅದರ ಮಾತು ಮೊದಲು, ನಮ್ಮದು ಆಮೇಲೆ ಕಾಣಿಸಿ ಓದುವವನಿಗೆ ಘಟನೆಗಳ ಕ್ರಮವೇ ತಲೆಕೆಳಗಾಗುತ್ತದೆ. ಬೋರ್ಡ್ ಬದಲು ಲಿನಕ್ಸ್ ಪ್ರೋಗ್ರಾಮನ್ನೇ ಡೀಬಗ್ ಮಾಡುವಾಗ ಇನ್ನೂ ಒಂದು ಅಂಶ ಸೇರಿಕೊಳ್ಳುತ್ತದೆ. ಫೋರ್ಕ್ ಮಾಡಿದ (ಪ್ರಕ್ರಿಯೆಯ ಪ್ರತಿಯೊಂದನ್ನು ಹುಟ್ಟಿಸಿದ) ಕ್ಷಣದಲ್ಲಿ ಬಫರ್‌ನಲ್ಲಿ ಇದ್ದದ್ದೆಲ್ಲ ಮಗುವಿನ ಪ್ರಕ್ರಿಯೆಗೂ ನಕಲಾಗುತ್ತದೆ. ಆ ಮಗುವಿನಲ್ಲಿ ಹೊಸ ಪ್ರೋಗ್ರಾಮ್ ತುಂಬುವ ಎಕ್ಸೆಕ್ ವಿಫಲವಾಗಿ ಮಗು ಸಾಮಾನ್ಯ ಎಕ್ಸಿಟ್ ಮೂಲಕ ಹೊರಬಿದ್ದರೆ ಅದೇ ಪಠ್ಯ ಎರಡು ಬಾರಿ ಮುದ್ರಣವಾಗಬಹುದು. ಆದ್ದರಿಂದ ಫೋರ್ಕ್‌ಗೆ ಮುನ್ನ, ಮುಂದುವರಿಸುವ ಮುನ್ನ, ಪ್ರಾಂಪ್ಟ್ ತೋರಿಸಿದ ಕೂಡಲೇ ಫ್ಲಶ್ ಮಾಡುವುದನ್ನು ಕಮಾಂಡ್‌ಗಳಿಗೆ ಬಿಡದೆ ಡೀಬಗರ್‌ನ ತಿರುಳಿನಲ್ಲಿಯೇ ಇರಿಸಿದೆ.

ಶೈಲಿಯನ್ನು ಪ್ರತ್ಯೇಕ ವರ್ಚುವಲ್ ಫಂಕ್ಷನ್ ಮಾಡಿದ್ದಕ್ಕೆ ಕಾರಣ ಟೀ ಸ್ಟ್ರೀಮ್. ಫಂಕ್ಷನ್ ಹೆಸರಿಗೆ ಬಣ್ಣ ಹಚ್ಚುವ ಎಸ್ಕೇಪ್ ಬೈಟ್‌ಗಳನ್ನು ಪಠ್ಯದೊಳಗೇ ಬೆರೆಸಿ ಕಳಿಸಿದರೆ, ಟೀ ಅದನ್ನು ಟರ್ಮಿನಲ್‌ಗೂ ಲಾಗ್ ಫೈಲಿಗೂ ಭೇದವಿಲ್ಲದೆ ಹಂಚುತ್ತದೆ, ಮತ್ತು ನಾಳೆ ಆ ಲಾಗ್ ತೆರೆದವನಿಗೆ ಸಾಲು ಸಾಲಿನಲ್ಲೂ ಕಸ ಕಾಣುತ್ತದೆ. ಜಿಡಿಬಿಯಲ್ಲಿ ಇಂಥ ಬೈಟ್‌ಗಳನ್ನು ಸೋಸಿ ತೆಗೆಯುವ ಉಪಕ್ಲಾಸ್ ಒಂದಿದೆ. ಬರೆದು ಆಮೇಲೆ ಸೋಸುವುದಕ್ಕಿಂತ, ಶೈಲಿ ಬದಲಿಸು ಎಂಬ ಕೋರಿಕೆಯನ್ನು ಬೈಟ್‌ಗಳಿಂದ ಬೇರೆಯಾಗಿಯೇ ಕೆಳಗೆ ಕಳಿಸಿ, ಪ್ರತಿ ಸ್ಟ್ರೀಮ್ ತನಗೆ ತೋಚಿದಂತೆ ಅದನ್ನು ಪಾಲಿಸಲಿ ಇಲ್ಲವೇ ಬಿಡಲಿ ಎಂಬುದು ನನಗೆ ಹೆಚ್ಚು ಒಪ್ಪಿತವಾಯಿತು.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ವಿಷಯ, ಡೀಬಗ್ ಆಗುತ್ತಿರುವ ಪ್ರೋಗ್ರಾಮ್‌ನ ಮೆಮೊರಿಯಿಂದ ಓದಿದ ಪಠ್ಯ. ಅದು ನಂಬಲರ್ಹವಲ್ಲ. ಕ್ಯಾರೆಕ್ಟರ್ ಅರೇ ಒಂದರಲ್ಲಿ ಎಸ್ಕೇಪ್ ಬೈಟ್ ಇದ್ದು ಅದನ್ನು ಹಾಗೆಯೇ ಮುದ್ರಿಸಿದರೆ ಟರ್ಮಿನಲ್‌ನ ಪರದೆ ಅಳಿಸಿಹೋಗಬಹುದು, ಬಣ್ಣ ಬದಲಾಗಬಹುದು. ಆದ್ದರಿಂದ ಡೀಬಗರ್‌ನ ಸ್ವಂತ ಮಾತಿಗೆ ಒಂದು ಬಾಗಿಲು, ಹೊರಗಿನ ಪಠ್ಯಕ್ಕೆ ಇನ್ನೊಂದು ಬಾಗಿಲು ಇಟ್ಟು, ಎರಡನೆಯದರಲ್ಲಿ ಎಸ್ಕೇಪ್ ಬೈಟ್ \033 ಎಂದು ಆಕ್ಟಲ್ ರೂಪದಲ್ಲಿ ಮಾತ್ರ ಹೊರಬರುವಂತೆ ಮಾಡಿದೆ. ನಾನು ಪರೀಕ್ಷೆಗೆ ಬಳಸಿದ ಫರ್ಮ್‌ವೇರ್‌ಗಳಲ್ಲಿ ಒಂದು ಕನ್ನಡದಲ್ಲಿ ಊರ ಹೆಸರು ತೋರಿಸುವ ಫಲಕದ್ದು, ಹಾಗಾಗಿ ಆಸ್ಕಿ (ಮೂಲ ಇಂಗ್ಲಿಷ್ ಅಕ್ಷರಗಳ ಸಂಕೇತ) ಅಲ್ಲದ್ದನ್ನೆಲ್ಲ ಆಕ್ಟಲ್ ಮಾಡಿಬಿಡುವ ಸುಲಭದ ದಾರಿ ನನಗೆ ಮುಚ್ಚಿತ್ತು. ಬೆಂಗಳೂರು ಎಂಬ ಪದ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡ್‌ಗೆ 8 ಕೋಡ್‌ಪಾಯಿಂಟ್ (ಅಕ್ಷರಕ್ಕೆ ಅಥವಾ ಕಾಗುಣಿತದ ಚಿಹ್ನೆಗೆ ಕೊಟ್ಟ ಸಂಖ್ಯೆ), ಯುಟಿಎಫ್-8ರಲ್ಲಿ 24 ಬೈಟ್. ಬೋರ್ಡ್‌ನ ಮೆಮೊರಿಯನ್ನು 64 ಬೈಟ್‌ಗಳ ತುಂಡುಗಳಲ್ಲಿ ಓದುವಾಗ ಮೂರು ಬೈಟ್‌ನ ಕೋಡ್‌ಪಾಯಿಂಟ್ ಎರಡು ತುಂಡುಗಳ ನಡುವೆ ಸೀಳಿಹೋಗುವುದು ಸಹಜ, ಏಕೆಂದರೆ 64 ಮೂರರಿಂದ ಭಾಗವಾಗುವುದಿಲ್ಲ. ಅಪೂರ್ಣವಾಗಿ ಉಳಿದ ಒಂದೆರಡು ಬೈಟ್‌ಗಳನ್ನು ಮುಂದಿನ ತುಂಡು ಬರುವವರೆಗೆ ಕಾಯ್ದಿಡಬೇಕು. ಆ ನೆನಪನ್ನು ಸ್ಟ್ರೀಮ್‌ನಲ್ಲಿ ಇಡದೆ, ಒಂದು ಸ್ಟ್ರಿಂಗ್ ಮುದ್ರಿಸಿ ಮುಗಿಯುವವರೆಗೆ ಮಾತ್ರ ಬದುಕಿರುವ ಸಣ್ಣ ಆಬ್ಜೆಕ್ಟ್‌ನಲ್ಲಿ ಇಟ್ಟಿದ್ದೇನೆ. ಇಲ್ಲದಿದ್ದರೆ ನಡುವೆ ಬಂದ ಎಚ್ಚರಿಕೆಯ ಸಂದೇಶವೊಂದು ಆ ಅರೆಬರೆ ಬೈಟ್‌ಗಳ ಜೊತೆ ಬೆರೆತುಹೋಗುತ್ತಿತ್ತು.

ಪುಟಪುಟವಾಗಿ ತೋರಿಸುವ ಪೇಜರ್ ಎಲ್ಲಿರಬೇಕು ಎಂಬುದರಲ್ಲಿ ಜಿಡಿಬಿಯ ಇತಿಹಾಸ ನನಗೆ ದಾರಿ ತೋರಿಸಿತು. ಅಲ್ಲಿ ಬಹಳ ವರ್ಷ ಪ್ರತಿ ಮುದ್ರಣ ಫಂಕ್ಷನ್‌ಗೂ ಫಿಲ್ಟರ್ಡ್, ಅನ್‌ಫಿಲ್ಟರ್ಡ್ ಎಂಬ ಎರಡು ರೂಪಗಳಿದ್ದು, ಕರೆಯುವವನೇ ಪೇಜರ್ ಬೇಕೋ ಬೇಡವೋ ಎಂದು ಆರಿಸಬೇಕಿತ್ತು. 2022ರಲ್ಲಿ ಪೇಜರ್ ತಾನೇ ಒಂದು ಸ್ಟ್ರೀಮ್ ಆಗಿ, ಇನ್ನೊಂದು ಸ್ಟ್ರೀಮನ್ನು ಸುತ್ತುವರಿದು ಕೂರುವ ವ್ಯವಸ್ಥೆ ಬಂತು. ನನ್ನದೂ ಹಾಗೆಯೇ: ಟರ್ಮಿನಲ್ ಸ್ಟ್ರೀಮ್‌ನ ಮೇಲೆ ಪೇಜರ್ ಸ್ಟ್ರೀಮ್, ಫೈಲಿಗಾಗಲಿ ಸ್ಟ್ರಿಂಗ್‌ಗಾಗಲಿ ಅದರ ಸಂಬಂಧವಿಲ್ಲ. ಪೇಜರ್ ಕಾಲಮ್‌ಗಳನ್ನು ಎಣಿಸಬೇಕಾಗುತ್ತದೆ. ಕನ್ನಡದ ಗುಣಿತಾಕ್ಷರ ಎಷ್ಟು ಕಾಲಮ್ ಹಿಡಿಯುತ್ತದೆ ಎಂಬುದರಲ್ಲಿ ಟರ್ಮಿನಲ್‌ಗಳು ಒಮ್ಮತದಲ್ಲಿಲ್ಲವಾದ್ದರಿಂದ, ಸಂದೇಹವಿದ್ದಲ್ಲಿ ಹೆಚ್ಚು ಎಣಿಸುವಂತೆ ಬರೆದಿದ್ದೇನೆ. ಪುಟ ಒಂದು ಸಾಲು ಮುಂಚೆ ನಿಂತರೆ ಯಾರಿಗೂ ನಷ್ಟವಿಲ್ಲ, ಒಂದು ಸಾಲು ಮೇಲೆ ಹಾರಿಹೋದರೆ ಓದುವವನಿಗೆ ಸಿಟ್ಟು ಬರುತ್ತದೆ.

ಪೇಜರ್‌ನಿಂದ ಬಂದ ಪರಿಣಾಮವೊಂದು ಇಡೀ ಡೀಬಗರ್‌ಗೆ ಹಬ್ಬಿತು. ಬಳಕೆದಾರ ಸಾಕು ಎಂದು ಕ್ಯೂ ಒತ್ತಿದಾಗ ನಡೆಯುತ್ತಿರುವ ಕಮಾಂಡ್ ಅಲ್ಲಿಗೇ ನಿಲ್ಲಬೇಕು, ಅದಕ್ಕೆ ಬರೆಯುವ ಫಂಕ್ಷನ್ ಎಕ್ಸೆಪ್ಶನ್ ಎಸೆಯುತ್ತದೆ. ಅಂದರೆ ಮುದ್ರಿಸುವ ಪ್ರತಿ ಸಾಲೂ ಹಿಂದಿರುಗದೇ ಹೋಗಬಹುದು. ಬ್ರೇಕ್‌ಪಾಯಿಂಟ್ ಪಟ್ಟಿಯನ್ನು ಅರ್ಧ ಬದಲಾಯಿಸಿ ನಡುವೆ ಒಂದು ಸಂದೇಶ ಮುದ್ರಿಸುವ ಕೋಡ್ ಇಂಥ ಕಡೆ ಅಪಾಯಕಾರಿ. ಸ್ಥಿತಿ ಬದಲಿಸುವ ಕೋಡ್ ಎಲ್ಲ ಬದಲಾವಣೆ ಮುಗಿಸಿದ ಮೇಲೆಯೇ ಮುದ್ರಿಸಬೇಕು, ನಡುವೆ ಹೇಳಲೇಬೇಕಾದದ್ದಿದ್ದರೆ ಪೇಜರ್ ಇಲ್ಲದ ಲಾಗ್ ಸ್ಟ್ರೀಮ್‌ಗೆ ಹೇಳಬೇಕು ಎಂಬ ನಿಯಮವನ್ನು ಕ್ಲಾಸ್‌ನ ತಲೆಯಲ್ಲೇ ಟಿಪ್ಪಣಿಯಾಗಿ ಬರೆದಿದ್ದೇನೆ. ಡಿಸ್ಟ್ರಕ್ಟರ್‌ನಿಂದ ನಡೆಯುವ ಫ್ಲಶ್ ಮಾತ್ರ ಎಂದೂ ಎಕ್ಸೆಪ್ಶನ್ ಎಸೆಯದಂತೆ ಬೇರೆ ದಾರಿ ಹಿಡಿಯುತ್ತದೆ. ಆ ಹಂತದಲ್ಲಿ ಪೇಜರ್ ಪ್ರಶ್ನೆ ಕೇಳುವುದಿಲ್ಲ.

ಡೀಬಗರ್ ತಾನೇ ಕುಸಿದಾಗ ಸಿಗ್ನಲ್ ಹ್ಯಾಂಡ್ಲರ್‌ನೊಳಗಿನಿಂದ ಒಂದೆರಡು ಸಾಲು ಬರೆಯುವ ಅಗತ್ಯವಿದೆ. ಅಲ್ಲಿ ಬಫರ್ ಮುಟ್ಟುವಂತಿಲ್ಲ, ಮೆಮೊರಿ ಕೇಳುವಂತಿಲ್ಲ. ಆಪರೇಟಿಂಗ್ ಸಿಸ್ಟಮ್‌ನ ರೈಟ್ ಕರೆಯನ್ನು ನೇರವಾಗಿ ಬಳಸುವ ಪ್ರತ್ಯೇಕ ಫಂಕ್ಷನನ್ನು ಫೈಲ್ ಸ್ಟ್ರೀಮ್‌ಗೆ ಮಾತ್ರ ಕೊಟ್ಟಿದ್ದೇನೆ.

ಎಡಿಟರ್‌ಗಳು ಕೇಳುವ ಯಂತ್ರ ಓದುವ ರೂಪವನ್ನು ಸ್ಟ್ರೀಮ್ ಕ್ಲಾಸ್‌ಗೆ ಸೇರಿಸುವ ಆಸೆಯನ್ನು ನಾನು ತಡೆಹಿಡಿದೆ. ಜಿಡಿಬಿಯ ಎಂಐ ಪ್ರೋಟೋಕಾಲ್‌ನಲ್ಲಿ ಕನ್ಸೋಲ್ ಪಠ್ಯ ~ ಗುರುತಿನಿಂದ, ಟಾರ್ಗೆಟ್‌ನ (ಡೀಬಗ್ ಆಗುತ್ತಿರುವ ಕಡೆಯ) ಪಠ್ಯ @ ಗುರುತಿನಿಂದ, ಲಾಗ್ & ಗುರುತಿನಿಂದ ಆರಂಭವಾಗುತ್ತದೆ; ಈ ಮೂರನ್ನು ಬರೆಯುವುದು ಸ್ಟ್ರೀಮ್‌ಗೆ ಒಪ್ಪುವ ಕೆಲಸ, ಏಕೆಂದರೆ ಬಂದ ಬೈಟ್‌ಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಮುಂದೆ ದೂಡಿದರೆ ಸಾಕು. ಆದರೆ ಫ್ರೇಮ್‌ನ (ನಡೆಯುತ್ತಿರುವ ಒಂದು ಫಂಕ್ಷನ್ ಕರೆಯ) ಹೆಸರು, ಸಾಲು, ವಿಳಾಸ ಎಂಬ ರಚನೆಯುಳ್ಳ ಫಲಿತಾಂಶ ಬೇರೆಯೇ ಬಗೆಯದು. ಜಿಡಿಬಿಯಲ್ಲಿ ಅದಕ್ಕೆ ಯುಐ-ಔಟ್ ಎಂಬ ಮತ್ತೊಂದು ಕ್ಲಾಸ್ ಕುಟುಂಬವೇ ಇದೆ. ನಾನೂ ಕ್ಷೇತ್ರಗಳ ಹೆಸರು ಬಲ್ಲ ಒಂದು ಬರಹಗಾರ ಕ್ಲಾಸ್ ಮಾಡಿ ಅದು ಸ್ಟ್ರೀಮ್‌ನ ಮೇಲೆ ಕೂರುವಂತೆ ಮಾಡಿದೆ. ಸ್ಟ್ರೀಮ್‌ಗೆ ಗೊತ್ತಿರುವುದು ಬೈಟ್ ಮತ್ತು ಶೈಲಿ ಮಾತ್ರ.

ಕೊನೆಯಲ್ಲಿ ಬಗೆಹರಿದದ್ದು ಬೋರ್ಡ್‌ನಿಂದ ಬರುವ ಪಠ್ಯ. ಬೋರ್ಡ್‌ನೊಂದಿಗೆ ಮಾತಾಡಲು ಬಳಸುವ ಜಿಡಿಬಿಯ ರಿಮೋಟ್ ಪ್ರೋಟೋಕಾಲ್‌ನಲ್ಲಿ ಅದು ಇಂಗ್ಲಿಷ್‌ನ ಓ ಎಂಬ ಅಕ್ಷರದಿಂದ ಶುರುವಾಗುವ ಪ್ಯಾಕೆಟ್‌ಗಳಲ್ಲಿ, ಒಂದು ಬೈಟ್‌ಗೆ ಎರಡು ಹೆಕ್ಸ್ ಅಂಕಿಯಂತೆ ಬರುತ್ತದೆ. ಅದನ್ನು ಪ್ರತ್ಯೇಕ ಟಾರ್ಗೆಟ್ ಸ್ಟ್ರೀಮ್‌ಗೆ ಕೊಡುತ್ತೇನೆ, ಕೊಡುವ ಮೊದಲು ನಮ್ಮ ಮುಖ್ಯ ಸ್ಟ್ರೀಮ್ ಫ್ಲಶ್ ಆಗುತ್ತದೆ. ಫರ್ಮ್‌ವೇರ್ ಹೊಸ ಸಾಲಿಗೆ ಹೋಗದೆ ಅರ್ಧ ವಾಕ್ಯ ಬರೆದು ಬ್ರೇಕ್‌ಪಾಯಿಂಟ್‌ನಲ್ಲಿ ನಿಂತರೆ, ಡೀಬಗರ್‌ನ ನಿಂತ ಸೂಚನೆ ಅದೇ ಸಾಲಿನ ಬಾಲಕ್ಕೆ ಅಂಟಿಕೊಳ್ಳುತ್ತದೆ. ಸಾಲಿನ ಆರಂಭದಲ್ಲಿದ್ದೇವೆಯೇ ಎಂಬ ಗುರುತನ್ನು ಪ್ರತಿ ಸ್ಟ್ರೀಮ್ ತನ್ನಷ್ಟಕ್ಕೆ ಇಟ್ಟುಕೊಂಡರೆ ಇದು ಪತ್ತೆಯಾಗುವುದಿಲ್ಲ, ಏಕೆಂದರೆ ಅರ್ಧ ಸಾಲು ಬರೆದದ್ದು ಒಂದು ಸ್ಟ್ರೀಮ್, ಮುಂದುವರಿಸುವುದು ಇನ್ನೊಂದು. ಹಾಗಾಗಿ ಕಾಲಮ್, ಈಗಿನ ಶೈಲಿ, ಪುಟದಲ್ಲಿ ಉಳಿದ ಸಾಲುಗಳು ಇವಿಷ್ಟನ್ನು ಟರ್ಮಿನಲ್ ಸ್ಥಿತಿ ಎಂಬ ಒಂದೇ ಆಬ್ಜೆಕ್ಟ್‌ಗೆ ಸಾಗಿಸಿ, ಆ ಟರ್ಮಿನಲ್‌ಗೆ ಬರೆಯುವ ಮುಖ್ಯ, ದೋಷ, ಟಾರ್ಗೆಟ್ ಸ್ಟ್ರೀಮ್‌ಗಳು ಮೂರೂ ಅದನ್ನು ಹಂಚಿಕೊಳ್ಳುವಂತೆ ಮಾಡಿದೆ. ನಿಂತ ಸೂಚನೆ ಬರೆಯುವ ಕೋಡ್ ಈಗ ಹೊಸ ಸಾಲು ಬೇಕಿದ್ದರೆ ಮಾತ್ರ ಹಾಕು ಎಂದು ಕೇಳುತ್ತದೆ, ಮತ್ತು ಫೈಲಿಗೆ ಹೋಗುವ ಲಾಗ್‌ನಲ್ಲಿ ಆ ಹೆಚ್ಚುವರಿ ಸಾಲು ಬೀಳುವುದಿಲ್ಲ.