ಕನ್ನಡ ಅಕ್ಷರ ಕೀಯ ಮೇಲಲ್ಲ, ಮುಂಬದಿಗೆ: ನನ್ನ ಅನುಭವ

ಹೋದ ವಾರ ಅಪ್ಪನ ಕೀಬೋರ್ಡನ್ನು ಮಗುಚಿ, ತಟ್ಟಿ, ಧೂಳು ತೆಗೆದೆ. ಎರಡು ವರ್ಷಕ್ಕೂ ಜಾಸ್ತಿ ದಿನಾ ಬಡಿದಿರುವ ಕೀಬೋರ್ಡ್ ಅದು. ಕಂಪನಿಯವರೇ ಅಚ್ಚು ಹಾಕಿದ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕೈದು ಅರ್ಧ ಸವೆದಿವೆ. ನಾನು ಅಂಟಿಸಿದ ಕನ್ನಡ ಅಕ್ಷರಗಳಲ್ಲಿ ಒಂದೂ ಹೋಗಿಲ್ಲ. "ಒಂದು ತಿಂಗಳೂ ನಿಲ್ಲಲ್ಲ ಮಾರಾಯ, ಸುಮ್ನೆ ದುಡ್ಡು ದಂಡ" ಅಂತ ಹೇಳಿದವರು ಮೂರು ಜನ ಇದ್ದರು. ಅವರು ಓದಲಿ ಅಂತಲೂ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ಟೈಪ್ ಮಾಡುವುದು ಇನ್‌ಸ್ಕ್ರಿಪ್ಟ್‌ನಲ್ಲಿ. ಯಾವ ಕೀ ಒತ್ತಿದರೆ ಯಾವ ಕನ್ನಡ ಅಕ್ಷರ ಅಂತ ಹೇಳುವ, ವಿಂಡೋಸ್ ಜೊತೆಗೇ ಬರುವ ವಿನ್ಯಾಸ ಅದು, ಬೇರೆ ಏನೂ ಹಾಕಬೇಕಿಲ್ಲ. ಆದರೆ ಕೀ ಮೇಲೆ ಇಂಗ್ಲಿಷ್ ಮಾತ್ರ ಇದ್ದರೆ ಹೊಸಬರಿಗೆ ತಲೆ ಕೆಡುತ್ತದೆ. "ಏನೋ ಇದು, ಎ ಅಂತ ಇದೆ, ಒತ್ತಿದ್ರೆ ಓತ್ವ ಬರುತ್ತೆ!" ಅಂತ ಅಪ್ಪ ಮೊದಲ ದಿನವೇ ಕೇಳಿದ್ದರು. ಒಂದು ಹಾಳೆಯಲ್ಲಿ ನಕ್ಷೆ ಬರೆದು ಗೋಡೆಗೆ ಅಂಟಿಸಿದೆ. ಗೋಡೆ, ಕೀಬೋರ್ಡ್, ಪರದೆ ಅಂತ ಮೂರು ಕಡೆ ನೋಡಿ ಅಪ್ಪನಿಗೆ ಕತ್ತು ನೋವು ಬಂತು.

ಮೊದಲು ಎಲ್ಲರಂತೆ ಸ್ಟಿಕ್ಕರ್ ತರಿಸಿದೆ. ಒಟ್ಟು ಮೂರು ಸಲ, ಸಲಕ್ಕೆ ಸುಮಾರು 200 ರೂಪಾಯಿ. ಅಂಚು ಏಳುತ್ತದೆ, ಅಂಟು ಬೆರಳಿಗೆ ಬರುತ್ತದೆ, ಆ ಅಂಟಿಗೆ ಧೂಳು ಹಿಡಿಯುತ್ತದೆ. ಅದೆಲ್ಲ ನಿಮಗೂ ಗೊತ್ತು. ನನಗೆ ಜಾಸ್ತಿ ಬೇಸರವಾಗಿದ್ದು ಬೇರೆ ವಿಷಯಕ್ಕೆ. ನೋಡದೆಯೇ ಬೆರಳಿಡಲು ಎಫ್ ಮತ್ತು ಜೆ ಕೀಗಳ ಮೇಲಿರುವ ಸಣ್ಣ ಉಬ್ಬು ಸ್ಟಿಕ್ಕರ್ ಕೆಳಗೆ ಮುಚ್ಚಿಹೋಗಿ, ನನ್ನ ಬೆರಳಿಗೆ ಜಾಗವೇ ಸಿಗದಂತಾಯಿತು.

ಆಮೇಲೆ ಪರ್ಮನೆಂಟ್ ಮಾರ್ಕರ್. ಬೆವರಿಗೇ ಅಳಿಸಿತು. ಅದರ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದರೆ ನಿಲ್ಲಬಹುದು ಅಂದುಕೊಂಡೆ. ಅದನ್ನು ಮಾತ್ರ ಯಾರೂ ಮಾಡಬೇಡಿ. ಅದರಲ್ಲಿರುವ ದ್ರಾವಕಕ್ಕೆ ಮಾರ್ಕರ್ ಕಲಸಿಹೋಗಿ ಕಪ್ಪು ಮಸಿಯಾಯಿತು. ಕೀಗಳು ಎಬಿಎಸ್ ಪ್ಲಾಸ್ಟಿಕ್, ಅವುಗಳ ಮೈಯೂ ಮೆತ್ತಗಾಯಿತು. ನನ್ನ ಬೆರಳ ಗುರುತು ಕೆ ಕೀಯ ಮೇಲೆ ಇವತ್ತಿಗೂ ಇದೆ. ಆ ಕೀಬೋರ್ಡ್ ಹೋಯಿತು, ಸುಮಾರು 600 ರೂಪಾಯಿ.

ಲೇಸರ್‌ನಲ್ಲಿ ಕೆತ್ತಿಸುವ ಯೋಚನೆಯೂ ಬಂತು. ಒಂದು ಕಡೆ ಎರಡು ಹಳೆ ಕೀ ಕೊಟ್ಟು ಮಾಡಿಸಿ ನೋಡಿದೆ. ಕಪ್ಪು ಪ್ಲಾಸ್ಟಿಕ್ ಮೇಲೆ ಮಂಕು ಬೂದು ಬಣ್ಣ ಬಂತು, ಓದಲು ಹೆಣಗಬೇಕು. ಪೂರ್ತಿ ಕೀಬೋರ್ಡಿಗೆ 1,500ರ ಹತ್ತಿರ ಕೇಳಿದರು. ಬೇಡ ಅಂದೆ. ಮನೆಯಲ್ಲೇ ಸಣ್ಣ ಡ್ರಿಲ್ಲಿನ ಮುಳ್ಳಿನಿಂದ ಕೆತ್ತಿ ಬಣ್ಣ ತುಂಬುವುದನ್ನೂ ಮಾಡಿದೆ. ಇಂಗ್ಲಿಷಿನ ನೇರ ಗೆರೆಗಳಾದರೆ ಕೆತ್ತಬಹುದು. ನಮ್ಮದು ಪೂರ್ತಿ ದುಂಡು ಲಿಪಿ ಅಲ್ವಾ, ತಿರುವಿನಲ್ಲಿ ಮುಳ್ಳು ಜಾರಿ ಎಲ್ಲೆಲ್ಲೋ ಹೋಗುತ್ತದೆ. ಏಳು ಕೀ ಹಾಳಾದ ಮೇಲೆ ಬಿಟ್ಟೆ.

ಐದನೆಯದು ಡೀಕಾಲ್. ಆಟಿಕೆ ವಿಮಾನದ ಮಾದರಿ ಮಾಡುವವರು ಬಳಸುವ, ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ಹಾಳೆ. ಲೇಸರ್ ಪ್ರಿಂಟರಿನಲ್ಲಿ ಅಚ್ಚು ಹಾಕಿ ಕೀಗಳ ತಲೆಯ ಮೇಲೆ ಹಚ್ಚಿದೆ. ನೋಡಲು ಬಹಳ ಚೆನ್ನಾಗಿತ್ತು. 20 ದಿನಕ್ಕೆ ಆಕಾರ, ರಕಾರ ಎಲ್ಲ ಸಿಪ್ಪೆ ಎದ್ದವು. ಮೇಲೆ ಹೇಳಿದ ಮೂರು ಜನ ಆ ಮಾತು ಹೇಳಿದ್ದು ಆಗ.

ದಾರಿ ತೋರಿಸಿದ್ದು ಧೂಳು. ಆ ಕೀಬೋರ್ಡನ್ನು ಒರೆಸುವಾಗ ಗಮನಿಸಿದೆ: ಕೀಗಳ ತಲೆ ಸವೆದು ಹೊಳೆಯುತ್ತಿದೆ, ನಮ್ಮ ಕಡೆ ಮುಖ ಮಾಡಿದ ಇಳಿಜಾರಿನಲ್ಲಿ ಮಾತ್ರ ಧೂಳು ಹಾಗೇ ಕೂತಿದೆ. ಅಂದರೆ ಬೆರಳು ಅಲ್ಲಿಗೆ ಹೋಗುವುದೇ ಇಲ್ಲ! ಕುರ್ಚಿಯಲ್ಲಿ ಕೂತು ನೋಡಿದರೆ ಆ ಮುಖ ಚೆನ್ನಾಗಿ ಕಾಣುತ್ತದೆ. ಇಂಗ್ಲಿಷ್ ತಲೆಯ ಮೇಲೆ ಇರಲಿ, ಅದೇ ಡೀಕಾಲ್‌ನಲ್ಲಿ ಕನ್ನಡ ಮುಂಬದಿಗೆ ಬರಲಿ ಅಂತ ಅವತ್ತೇ ತೀರ್ಮಾನಿಸಿದೆ. ಎತ್ತರದ ಕೀ ಇರುವ ಕೀಬೋರ್ಡಿಗೆ ಮಾತ್ರ ಇದು ಆಗುತ್ತದೆ. ಲ್ಯಾಪ್‌ಟಾಪಿನ ಚಪ್ಪಟೆ ಕೀಗಳಿಗೆ ಮುಂಬದಿಯೇ ಇಲ್ಲ.

ಮುಂಬದಿಯಲ್ಲಿ ಸಿಗುವ ಜಾಗ ಕಡಿಮೆ, ಅಕ್ಷರ 4 ಮಿಲಿಮೀಟರ್ ಎತ್ತರ ಇದ್ದರೆ ಹೆಚ್ಚು. ಮೊದಲು ದಪ್ಪ ಫಾಂಟ್ ಹಾಕಿದೆ, ದೂರಕ್ಕೂ ಕಾಣಲಿ ಅಂತ. ಅಲ್ಲೇ ಎಡವಿದೆ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸೀಳು ಮಾತ್ರ. ದಪ್ಪ ಅಕ್ಷರ ಸಣ್ಣದಾದರೆ ಆ ಸೀಳು ಮುಚ್ಚಿಹೋಗುತ್ತದೆ, ಎಲ್ಲ ಒಂದೇ ಥರ ಕಾಣುತ್ತವೆ. ಎರಡು ಹಾಳೆ ದಂಡ ಆಯಿತು. ಈಗ ನೋಟೋ ಸಾನ್ಸ್ ಕನ್ನಡದ ಮಧ್ಯಮ ದಪ್ಪವನ್ನೇ ಹಾಕುತ್ತೇನೆ.

ಇನ್ನೊಂದು ತೊಡಕು ಸ್ವರದ ಗುರುತುಗಳದು. ಗುಡಿಸು, ಕೊಂಬುಗಳನ್ನು ಒಂಟಿಯಾಗಿ ಟೈಪ್ ಮಾಡಿದರೆ ಜೊತೆಗೆ ಚುಕ್ಕಿಗಳ ವೃತ್ತ ಬರುತ್ತದೆ. ಆ ಅಳತೆಯಲ್ಲಿ ಅಚ್ಚಾದಾಗ ವೃತ್ತ ಬರೀ ಕಲೆ. ವೃತ್ತ ಅಳಿಸಿ ಗುಡಿಸು ಒಂದನ್ನೇ ಹಾಕಿದರೆ ಅಪ್ಪನಿಗೆ ಗುರುತೇ ಸಿಗಲಿಲ್ಲ. ಸಿಗುವುದಾದರೂ ಹೇಗೆ? ನಾವು 'ಕಿ'ಯನ್ನು ಒಟ್ಟಾಗಿ ಓದುತ್ತೇವೆ, ಗುಡಿಸನ್ನು ಬೇರೆಯಾಗಿ ಯಾವತ್ತೂ ನೋಡುವುದಿಲ್ಲ. ಒಂದು ವಾರ ಇದೇ ಯೋಚನೆ. ಕೊನೆಗೆ ಹೊಳೆದಿದ್ದು ಇಷ್ಟು: ಇನ್‌ಸ್ಕ್ರಿಪ್ಟ್‌ನಲ್ಲಿ ಗುಡಿಸು ಮತ್ತು ಇಕಾರ ಒಂದೇ ಕೀಯಲ್ಲಿವೆ, ಸುಮ್ಮನೆ ಒತ್ತಿದರೆ ಗುಡಿಸು, ಶಿಫ್ಟ್ ಹಿಡಿದರೆ ಇ. ಅ ಒಂದನ್ನು ಬಿಟ್ಟು ಎಲ್ಲ ಸ್ವರಗಳೂ ಹಾಗೇ. ಹಾಗಾಗಿ ಸ್ವರದ 12 ಕೀಗಳಿಗೆ ಆ, ಇ, ಈ, ಉ ಅಂತ ಒಂದೊಂದೇ ದೊಡ್ಡ ಅಕ್ಷರ ಸಾಕು, ಗುರುತು ಹಾಕುವುದೇ ಬೇಡ. ವ್ಯಂಜನದ ಕೀಗಳಿಗೆ ಮಾತ್ರ ಎರಡು: ಎಡಕ್ಕೆ ಕ, ಬಲಕ್ಕೆ ಶಿಫ್ಟಿನ ಖ. ಇದು ನಾನೇ ಕಂಡುಕೊಂಡಿದ್ದು ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ ಇದೆ.

ಡಿ ಕೀ ಒಂದಕ್ಕೆ ಬೇರೆ ಉಪಚಾರ. ಅಲ್ಲಿ ಶಿಫ್ಟ್ ಹಿಡಿದರೆ ಅ, ಹಿಡಿಯದಿದ್ದರೆ ಹಲಂತ, ಅಂದರೆ ಕ ಅನ್ನು ಕ್ ಮಾಡುವ ಗುರುತು. ಒತ್ತಕ್ಷರವೆಲ್ಲ ಹುಟ್ಟುವುದು ಹಲಂತದಿಂದಲೇ. "ಒತ್ತಕ್ಷರ ಎಲ್ಲಿದೆ?" ಅಂತ ಅಪ್ಪ ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ಡಿ ಕೀಯ ಮುಂಬದಿಗೆ ಕೆಂಪು ಬಣ್ಣ ಬಳಿದೆ. ಆಮೇಲೆ ಕೇಳಲಿಲ್ಲ.

ಅಂಟಿಸುವ ಕೆಲಸ ಆಗಲೇ ಹೇಳಿದ್ದೇ, ನೀರಲ್ಲಿ ನೆನೆಸಿ ಜಾರಿಸುವುದು. ನಾನು ಪಾಠ ಕಲಿತದ್ದು ಎರಡು ಕಡೆ. ಸಾಮಾನ್ಯ ಲೇಸರ್ ಪ್ರಿಂಟರ್ ಬಿಳಿ ಬಣ್ಣ ಅಚ್ಚು ಹಾಕುವುದಿಲ್ಲ, ಹಾಗಾಗಿ ಕಪ್ಪು ಕೀಬೋರ್ಡ್ ಬಿಟ್ಟು ತಿಳಿ ಬೂದು ಕೀಗಳಿರುವುದನ್ನೇ ಕೊಂಡೆ. ಮತ್ತೆ, ಕೀಗಳ ಮೈ ತರಿತರಿ ಇರುತ್ತದೆ. ನೇರವಾಗಿ ಅಂಟಿಸಿದರೆ ಅಡಿಯಲ್ಲಿ ಗಾಳಿ ಉಳಿದು ಅಕ್ಷರದ ಸುತ್ತ ಬೆಳ್ಳಗೆ ಮಂಜು ಹಿಡಿದಂತೆ ಕಾಣುತ್ತದೆ. ಮೊದಲು ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ಒರೆಸಿ, ತೆಳ್ಳಗೆ ಹೊಳಪಿನ ಕ್ಲಿಯರ್ ಸ್ಪ್ರೇ ಹೊಡೆದು, ಒಂದು ದಿನ ಬಿಟ್ಟು ಡೀಕಾಲ್ ಹಚ್ಚಬೇಕು. ಅದು ಪೂರ್ತಿ ಒಣಗಿದ ಮೇಲೆ ಹೊಳಪಿಲ್ಲದ ಸ್ಪ್ರೇ ಎರಡು ಕೈ. ಸ್ಪ್ರೇ ಯಾವುದೇ ಇರಲಿ, ಒಂದು ಹಾಳಾದ ಕೀಗೆ ಹೊಡೆದು ನೋಡಿ. ಡೀಕಾಲ್ ಮೂಲೆಗಳಲ್ಲಿ ಏಳದೆ ಮೆತ್ತಗೆ ಕೂರಲು ನೀರಿಗೆ ನಾನು ಒಂದು ವಸ್ತು ಬೆರೆಸುತ್ತೇನೆ. ಅದನ್ನು ಕಂಡುಕೊಳ್ಳಲು ಎರಡು ತಿಂಗಳು ಹಿಡಿಯಿತು, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಮಧ್ಯೆ ತಂಗಿಗೂ ಒಂದು ಮಾಡಿಕೊಟ್ಟೆ. ಅವಳು ಬಳಸುವುದು ಕಗಪ, ಅಂದರೆ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ಅದರಲ್ಲಿ ಕೆ ಒತ್ತಿದರೆ ಕ ಬರುವುದರಿಂದ ಹೆಚ್ಚಿನ ಕೀಗಳಿಗೆ ಗುರುತು ಬೇಕಿಲ್ಲ. ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ, ಎಫ್ ಒತ್ತಿದರೆ ಹಲಂತ, ಹೀಗೆ ಊಹೆಗೆ ಸಿಗದ ಎಂಟೊಂಬತ್ತು ಕೀಗೆ ಮಾತ್ರ ಹಾಕಿದೆ. ಅರ್ಧ ಸಂಜೆಯ ಕೆಲಸ. ಪಿಬಿಟಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನ ಕೀಗಳ ಒಳಕ್ಕೆ ಶಾಖದಿಂದ ಬಣ್ಣ ಇಳಿಸುವುದನ್ನೂ ಮಾಡಿ ನೋಡಿದೆ. ಮೂರು ಕೀಗಳಲ್ಲಿ ಒಂದು ಚೆನ್ನಾಗಿ ಬಂತು, ಎರಡು ಸೊಟ್ಟಗಾದವು. ಮುಂದಿನ ರಜೆಗೆ ಮತ್ತೆ ಹಿಡಿಯುತ್ತೇನೆ.

ಲೆಕ್ಕ ಹೇಳಿಬಿಡುತ್ತೇನೆ. ದಾರಿ ಹುಡುಕುವುದಕ್ಕೇ 3,000 ರೂಪಾಯಿಯ ಹತ್ತಿರ ಹೋಗಿರಬೇಕು. ಈಗ ಒಂದು ಕೀಬೋರ್ಡಿಗೆ ಡೀಕಾಲ್, ಸ್ಪ್ರೇ ಎಲ್ಲ ಸೇರಿ 100 ರೂಪಾಯಿ ದಾಟುವುದಿಲ್ಲ. ಒಂದು ಎ4 ಹಾಳೆಯಲ್ಲಿ ನಾಲ್ಕೈದು ಕೀಬೋರ್ಡಿನ ಅಕ್ಷರ ಹಿಡಿಯುತ್ತವೆ. ಕೀ ಕೀಳುವ ಮೊದಲು ಕೀಬೋರ್ಡಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಸಾಲಿನಿಂದ ಸಾಲಿಗೆ ಇಳಿಜಾರು ಬೇರೆ ಇರುತ್ತದೆ. ಹೋದ ತಿಂಗಳು ಆ ಮೂವರಲ್ಲಿ ಒಬ್ಬ ತನ್ನ ಕೀಬೋರ್ಡ್ ತಂದು ಮೇಜಿನ ಮೇಲೆ ಇಟ್ಟು ಹೋಗಿದ್ದಾನೆ. ಅದು ಕಪ್ಪು. ಬಿಳಿ ಅಕ್ಷರ ಅಚ್ಚು ಹಾಕುವ ದಾರಿ ಹುಡುಕುತ್ತಿದ್ದೇನೆ.