ಐದು ಪರ್ಸೆಂಟ್ ಫೈಲ್

ಬಯಲುಸೀಮೆಯ ಒಂದು ಪುರಸಭೆಯಲ್ಲಿ ನಾನು ಸಮುದಾಯ ಸಂಘಟನಾಧಿಕಾರಿಯಾಗಿದ್ದೆ. ಅಲ್ಲಿ ಜನರ ಹೆಸರಿಗಿಂತ ಅಂಕಿಗಳೇ ಜಾಸ್ತಿ ಓಡಾಡುತ್ತವೆ. 'ಇಪ್ಪತ್ನಾಲ್ಕು ಹತ್ತು ಮುಗೀತಾ?', 'ಏಳೂಕಾಲು ಫೈಲ್ ಎಲ್ಲಿ?' ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಮುಕ್ತನಿಧಿ ಮತ್ತು ಪುರಸಭೆಯ ಸ್ವಂತ ಆದಾಯದಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ವಿಕಲಚೇತನರಿಗೆ ಮೀಸಲು. ಆ 24.10 ಸುಮ್ನೆ ಹುಟ್ಟಿದ್ದಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ಶೇ 17.15, ಪಂಗಡದವರು ಶೇ 6.95. ಕೂಡಿಸಿ ನೋಡಿ.

ಮೊದಲ ವರ್ಷ ನಾನು ಮಾಡಿದ್ದು ನಾಚಿಕೆಯ ಕೆಲಸ. ಹಿಂದಿನ ಕ್ರಿಯಾಯೋಜನೆಯಲ್ಲಿ ಇಸವಿ ಮಾತ್ರ ತಿದ್ದಿದೆ. ಐದು ಪರ್ಸೆಂಟ್‌ನಲ್ಲಿ ಹೊಲಿಗೆ ಯಂತ್ರ ಅಂತಿತ್ತು, ಅದನ್ನೇ ಬಿಟ್ಟೆ. ಡಿಸಿ ಕಚೇರಿಯಿಂದ ಮಂಜೂರಾಗಿಯೂ ಬಂತು. ಅರ್ಜಿ ಕರೆದಾಗ ಊರುಗೋಲಿನಲ್ಲಿ ಬಂದ ಒಬ್ಬರು ಕೇಳಿದರು: "ನಂಗೆ ಹೊಲಿಯೋಕೆ ಬರಲ್ಲ ಸಾರ್. ಗಾಡಿ ಕೊಡ್ತೀರಾ?" ಕೊಡೋಕಾಗಲಿಲ್ಲ. ಯೋಜನೆ ಬದಲಿಸಲು ಮತ್ತೆ ಕೌನ್ಸಿಲ್ ಠರಾವು, ಮತ್ತೆ ಮಂಜೂರಾತಿ. ಅಷ್ಟರಲ್ಲಿ ಮಾರ್ಚ್ ಬಂತು. ಹಣ ಉಳಿಯಿತು.

ಮರುವರ್ಷ ಯೋಜನೆ ಬರೆಯುವ ಮೊದಲೇ ಬೀದಿಗಿಳಿದೆ. ಜೊತೆಗೆ ಪೌರಕಾರ್ಮಿಕರನ್ನು ಕರೆದುಕೊಂಡೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ಅವರಿಗೆ ಗೊತ್ತಿರುವಷ್ಟು ನಮ್ಮ ರಿಜಿಸ್ಟರಿಗೆ ಗೊತ್ತಿಲ್ಲ. ಜನ ಕೇಳಿದ್ದು ಔಷಧದ ಬಿಲ್, ಶ್ರವಣ ಸಾಧನ, ಸಾರ್ವಜನಿಕ ಶೌಚಾಲಯಕ್ಕೊಂದು ಇಳಿಜಾರು. ಮೂರು ಗಾಲಿಯ ಸ್ಕೂಟರ್ ಕೇಳಿದವರಿಗೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಮಾಡಿಸಿಕೊಳ್ಳಿ ಅಂತ ಅವತ್ತೇ ಹೇಳಿ ಬಂದೆ. ಲೈಸೆನ್ಸ್ ಇಲ್ಲದೆ ಗಾಡಿ ಸಿಕ್ಕರೆ ಅದು ಕಾಂಪೌಂಡಿನಲ್ಲಿ ತುಕ್ಕು ಹಿಡಿಯುತ್ತೆ, ಅಷ್ಟೇ.

ಕಷ್ಟ ಆಗಿದ್ದು ಕೌನ್ಸಿಲ್‌ನಲ್ಲಿ. ಸದಸ್ಯರಿಗೆ 'ವಾರ್ಡಿಗೊಂದು' ಬೇಕು. ನಮ್ಮ ಪಟ್ಟಿಯಲ್ಲಿ ಎರಡು ವಾರ್ಡಿನಲ್ಲಿ ಹೆಚ್ಚು ಜನ, ಕೆಲವು ವಾರ್ಡಿನಲ್ಲಿ ಒಬ್ಬರೂ ಇಲ್ಲ. ವಾದ ಮಾಡಲಿಲ್ಲ. ಹೆಸರು, ಮನೆ, ಬೇಕಾದ್ದು ಏನು ಅಂತ ಒಂದೊಂದಾಗಿ ಓದುತ್ತಾ ಹೋದೆ. ಅರ್ಧ ಗಂಟೆ ಆಯಿತು. ಗೊಣಗಿದವರಿಗೆ ಏಳೂಕಾಲರಲ್ಲಿ ನೋಡೋಣ ಅಂದೆ. ಒಪ್ಪಿದರು. ಅದೂ ಒಂದು ಚೌಕಾಸಿಯೇ, ಅಲ್ವಾ?

ಹಿಂದಿನ ವರ್ಷ ಬರಿಗೈಲಿ ಹೋದವರಿಗೆ ಈ ಸಲ ಗಾಡಿ ಸಿಕ್ಕಿತು. ಶೌಚಾಲಯದ ಇಳಿಜಾರೂ ಆಯಿತು. ಎಂಜಿನಿಯರ್ ಅದನ್ನು ಎಷ್ಟು ಕಡಿದಾಗಿ ಮಾಡಿಸಿದ್ದರೆಂದರೆ ಗಾಲಿಕುರ್ಚಿಯನ್ನು ಇಬ್ಬರು ತಳ್ಳಬೇಕಿತ್ತು. ಒಡೆಸಿ ಮತ್ತೆ ಹಾಕಿಸಿದೆವು.